ಪರದೆಯ ಮೇಲಿನ ಮೂರು ಗೆರೆ

"ಮುಟ್ಬ್ಯಾಡ! ಆ ಟಿ.ವಿ.ನ ಮುಟ್ಬ್ಯಾಡ ಅಂತ ಎಷ್ಟು ಸಲ ಬಡ್ಕೋಬೇಕು ನಿನ್ ಹತ್ರ?"

ಸುನಂದಮ್ಮ ಸೊಸೆಯ ಕೈಯಿಂದ ಒರೆಸುವ ಬಟ್ಟೆಯನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದರು. ಸುಧಾ ತಲೆ ತಗ್ಗಿಸಿದಳು. ಧೂಳು ಕೂತಿತ್ತು, ಒರೆಸೋಣವೆಂದು ಹೋಗಿದ್ದಳು, ಅಷ್ಟೆ. ಆ ಮನೆಯಲ್ಲಿ ಒಲೆ ಅವಳದು, ಮುಸುರೆ ಅವಳದು, ದನದ ಕೊಟ್ಟಿಗೆ ಅವಳದು. ಆದರೆ ನಡುಮನೆಯ ಗೋಡೆಗೆ ನೇತುಹಾಕಿದ್ದ ಟಿ.ವಿ. ಮಾತ್ರ ಅವಳು ಮುಟ್ಟಬಾರದ ವಸ್ತುವಾಗಿತ್ತು.

ಎಲ್ಲ ಶುರುವಾದದ್ದು ಆಯುಧಪೂಜೆಯ ದಿನ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕುಡುಗೋಲು, ಮಿಕ್ಸಿ... ಯಾವುದನ್ನೂ ಬಿಡದೆ ಪೂಜೆ ಮಾಡಿದ್ದ ಸುಧಾ, ಟಿ.ವಿ.ಯೊಂದು ಬೋಳಾಗಿ ಕಾಣುತ್ತದಲ್ಲ ಎಂದು ವಿಭೂತಿಯನ್ನು ನೀರಿನಲ್ಲಿ ಕಲಸಿ ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳು ಎಳೆದಿದ್ದಳು. ಮರುದಿನ ಎಷ್ಟು ಒರೆಸಿದರೂ ಆ ಮೂರು ಗೆರೆ ಪೂರ್ತಿ ಹೋಗಲಿಲ್ಲ. ಅದಾದ ಕೆಲವು ದಿನಕ್ಕೆ ಮಾವ ನಿಂಗಯ್ಯ ಕುರ್ಚಿಯಲ್ಲಿ ಕೂತವರು, "ಯಾಕೋ ಟಿ.ವಿ. ಮಬ್ಬಾಗದೆ ಕಣೆ. ಸುತ್ತಾ ಕತ್ಲೆ ಕಟ್ಕೊಂಡಂಗದೆ" ಎಂದರು.

ರಾವಂದೂರು ಕಡೆಯ ಆ ಊರಿನಲ್ಲಿ, ಆ ಮನೆಯಲ್ಲಿ, ನಿಂಗಯ್ಯನವರು ಮಳೆ ಬರುತ್ತದೆ ಎಂದರೆ ಸುಡುಬಿಸಿಲಿನಲ್ಲಿ ಒಣಹಾಕಿದ ಜೋಳವನ್ನೂ ಒಳಗೆ ತರುತ್ತಿದ್ದರು. ಅವರು ಮಬ್ಬು ಎಂದ ಮೇಲೆ ಮುಗಿಯಿತು, ಎಲ್ಲರಿಗೂ ಅದು ಮಬ್ಬಾಗಿಯೇ ಕಂಡಿತು. ಗಂಡನ ಮಾತೇ ಸುನಂದಮ್ಮನಿಗೆ ಕನ್ನಡಕವಾಗಿತ್ತು. ಗೂಡ್ಸ್ ಗಾಡಿ ಓಡಿಸುವ ಮಗ ಕಾಂತರಾಜು ಊಟದ ಹೊತ್ತಿಗೆ ಒಮ್ಮೆ ಕಣ್ಣು ಹಾಯಿಸಿ, "ಹೂಂ ಅಪ್ಪ, ಒಸಿ ಡಲ್ಲೇ ಆಗದೆ" ಎಂದು ಕೈ ತೊಳೆದುಕೊಂಡ. ಸುಧಾಳಿಗೇನೋ ಚಿತ್ರ ಮೊದಲಿನಂತೆಯೇ ಕಾಣುತ್ತಿತ್ತು. ಆದರೆ ಆ ಮೂರು ಗೆರೆ ಕಣ್ಣೆದುರಿಗೇ ಇದ್ದವಲ್ಲ! ತಪ್ಪು ತನ್ನದೇ ಎಂದು ನಂಬಿ, ಅತ್ತೆಯ ಒಂದೊಂದು ಮಾತನ್ನೂ ನುಂಗಿಕೊಂಡಳು. ಕೆಟ್ಟ ಕಾಲು, ಕೆಟ್ಟ ಕೈ, ತವರಲ್ಲಿ ಕಲಿಸದ ಬುದ್ಧಿ... ಏನೇನು ಕೇಳಲಿಲ್ಲ ಆ ಹೆಣ್ಣುಜೀವ!

ಕಾರ್ತಿಕ ಕಳೆದ ಮೇಲೆ ಹೊಸ ಟಿ.ವಿ. ತರುವುದೆಂದು ತೀರ್ಮಾನವಾಯಿತು.

"ಕೆಡಿಸ್ದೋಳೂ ಹೋಗ್ಲಿ," ಎಂದರು ಸುನಂದಮ್ಮ. "ವಸ್ತು ಅಂದ್ರೆ ಏನು ಅಂತ ಅಂಗ್ಡೀಲಾದ್ರೂ ಕಲ್ತ್ಕೊಂಡ್ ಬರ್ಲಿ."

ಹುಣಸೂರಿನ ಆ ಅಂಗಡಿಯಲ್ಲಿ ಒಂದು ಗೋಡೆಯ ತುಂಬ ಟಿ.ವಿ.ಗಳು. ಎಲ್ಲದರಲ್ಲೂ ಒಂದೇ ಹಸಿರು ಗಿಳಿ ರೆಕ್ಕೆ ಬಡಿಯುತ್ತಿತ್ತು. ಸುಧಾ ಕಣ್ಣು ಕಿರಿದು ಮಾಡಿದಳು, ಅಷ್ಟು ಬೆಳಕು! ಗಾಡಿಯನ್ನು ದಾರಿಯಿಂದ ತೆಗೆಯಲು ಯಾರೋ ಕೂಗಿದರೆಂದು ಕಾಂತರಾಜು ಹೊರಗೆ ಹೋದ. ಅಂಗಡಿಯ ಕೆಲಸಗಾರ ಮೂರ್ತಿ ಮೊದಲನೆಯದನ್ನು ತೋರಿಸಿದ.

"ಇದೂ ಮಬ್ಬು ಕಣಪ್ಪ," ಎಂದರು ನಿಂಗಯ್ಯ.

ಎರಡನೆಯದಕ್ಕೂ ಅದೇ ಮಾತು. ಮೂರ್ತಿ ಬೆಳಕು ಏರಿಸಿದ, ದೊಡ್ಡದರ ಮುಂದೆ ನಿಲ್ಲಿಸಿದ, ಅದಕ್ಕಿಂತ ದೊಡ್ಡದರ ಮುಂದೆ ಕರೆದೊಯ್ದ. ನಿಂಗಯ್ಯ ಕತ್ತು ಓರೆ ಮಾಡಿ, ಹೆಗಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. "ನಮ್ಮನೇದೇ ಇದ್ದಂಗವಲ್ಲಯ್ಯ ಎಲ್ಲ! ಈ ಕಡೇವ್ನೂ ಆನ್ ಮಾಡಪ್ಪ."

ಮೂರ್ತಿ ಸುಧಾಳ ಮುಖ ನೋಡಿದ. "ಎಲ್ಲಾ ಆನ್ ಆಗೇ ಅವೆ ಯಜಮಾನ್ರೇ..."

ಸುಧಾ ಮಾವನ ಕಡೆ ತಿರುಗಿದಳು. ಮೊನ್ನೆ ಅವರ ಕೈ ತಗುಲಿ ಮಜ್ಜಿಗೆ ಲೋಟ ಚೆಲ್ಲಿದ್ದು, ಅವರು ಹಿತ್ತಲ ಬಾಗಿಲಿಗೆ ಭುಜ ಬಡಿದುಕೊಂಡದ್ದು, ಕರೆಂಟು ಕಮ್ಮಿ ಎಂದು ಹಗಲಿನಲ್ಲೇ ದೀಪ ಹಾಕಿಸಿದ್ದು... ಎಲ್ಲ ಒಟ್ಟಿಗೆ ನೆನಪಾಯಿತು. ಅಯ್ಯೋ ದೇವರೇ! ಕೆಟ್ಟದ್ದು ಟಿ.ವಿ. ಅಲ್ಲ!

ನಿಂಗಯ್ಯನವರ ಕೈ ಗಾಳಿಯಲ್ಲಿ ತಡಕಾಡಿ ಸೊಸೆಯ ಮುಂಗೈ ಹಿಡಿಯಿತು.

"ದೊಡ್ದು ಯಾವ್ದೋ ಅದನ್ನೇ ಕಟ್ಟಪ್ಪ," ಎಂದು ಮೂರ್ತಿಯನ್ನು ಆಚೆ ಕಳಿಸಿ, ದನಿ ತಗ್ಗಿಸಿದರು. "ಮಗಾ... ಮನೇಲಿ ಹೇಳ್ಬ್ಯಾಡ ಕಣವ್ವ."

"ಮಾವ, ಈಗ್ಲೇ ಆಸ್ಪತ್ರೆಗೆ ಹೋಗುವ. ಅವ್ರು ಹೊರಗೇ ಅವ್ರೆ, ಕರೀತೀನಿ..."

"ಬ್ಯಾಡ! ಹೊಗೆಸೊಪ್ಪಿನ ಹರಾಜು ಮುಗೀಲಿ. ಬಣ್ಣ ನೋಡಿ ಸೊಪ್ಪು ವಿಂಗಡ್ಸೋನು ನಾನು. ಊರಲ್ಲಿ ನಾಕು ಜನ ತಂದು ನನ್ ಮುಂದೆ ಹಿಡಿದು, ಎಂಗದೆ ನಿಂಗಣ್ಣ ಅಂತಾರೆ. ಕಣ್ ಹೋದೋನ ಮಾತ ಯಾರ್ ಕೇಳ್ತಾರೆ? ಮೂಲೇಲಿ ಕೂರ್ಸ್‌ಬುಡ್ತಾರೆ ಕಣವ್ವಾ... ಭಾಷೆ ಕೊಡು."

ಹೇಳಿಬಿಟ್ಟರೆ ತನ್ನ ಮೇಲಿನ ಅಪವಾದ ಅವತ್ತೇ ತೊಳೆದುಹೋಗುತ್ತಿತ್ತು. ಸುಧಾಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಊರನ್ನೇ ಎದುರು ಕೂರಿಸಿಕೊಂಡು ಮಾತಾಡುತ್ತಿದ್ದ ಆ ಮನುಷ್ಯ ಅಂಗಡಿಯಲ್ಲಿ ಮಗುವಿನ ಹಾಗೆ ಕೈ ಹಿಡಿದು ನಿಂತಿದ್ದರು. ಅವಳು ಭಾಷೆ ಕೊಟ್ಟಳು.

ಹೊಸ ಟಿ.ವಿ. ಗೋಡೆಗೇರಿತು. "ಈಗ ಎಂಗ್ ಕಾಣ್ತದೆ?" ಎಂದರು ಸುನಂದಮ್ಮ.

"ಬೊಂಬಾಟಾಗದೆ," ಎಂದರು ನಿಂಗಯ್ಯ. ಅವರ ಮುಖ ಕಿಟಕಿಯ ಕಡೆಗಿತ್ತು.

"ನೋಡ್ದಾ? ಇನ್ನಾದ್ರೂ ಒಪ್ಕೋ, ಹಳೇದನ್ನ ತಿಂದ್ಕೊಂಡೋಳು ನೀನೇ ಅಂತ!" ಸುನಂದಮ್ಮ ಗೆದ್ದರು. ಹಳೆಯ ಟಿ.ವಿ.ಯನ್ನು ಹೊಲದ ಕೆಲಸಕ್ಕೆ ಬರುವ ಚಲುವರಾಜುವಿಗೆ ಎತ್ತಿಕೊಟ್ಟರು.

ಅಂದಿನಿಂದ ಸುಧಾಳಿಗೆ ಹೊಸ ಕೆಲಸವೊಂದು ಸೇರಿಕೊಂಡಿತು. ಸಂಜೆ ಮಾವನ ಕುರ್ಚಿಯ ಪಕ್ಕ ಕೂತು, ಅವರೆ ಬಿಡಿಸುವ ನೆಪದಲ್ಲಿ, ಪರದೆಯಲ್ಲಿ ಬಂದುಹೋಗುವುದನ್ನೆಲ್ಲ ಮೆಲ್ಲಗೆ ಹೇಳುತ್ತಿದ್ದಳು. ಹಗಲು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಅವರು ಸೊಪ್ಪು ಕೈಗೆತ್ತಿಕೊಂಡಾಗ, "ನಿಂಬೆ ಬಣ್ಣ ಮಾವ... ಇದು ಒಸಿ ಕಂದು..." ಎಂದು ಉಸುರುತ್ತಿದ್ದಳು. ಆಸ್ಪತ್ರೆಯ ಮಾತೆತ್ತಿದರೆ, "ಹರಾಜು ಮುಗೀಲಿ" ಎಂಬುದೊಂದೇ ಉತ್ತರ. ಇತ್ತ ಅತ್ತೆ ಅವಳಿಗೆ ಟಿ.ವಿ. ಹುಚ್ಚಿ ಎಂದು ಹೆಸರಿಟ್ಟರು.

ಹರಾಜು ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಚಲುವರಾಜು ಬಾಗಿಲಲ್ಲಿ ನಿಂತು ನಗುತ್ತ ಹೇಳಿದ, "ಅವ್ವಾರೇ, ಟಿ.ವಿ.ಗೆ ಏನೂ ಆಗಿಲ್ಲ ಕಣ್ರವ್ವಾ! ಒಸಿ ಸೋಪು ನೀರು ಮುಟ್ಟಿಸಿ ಒರೆಸ್ದೆ, ಆ ಮೂರು ಗೆರೇನೂ ಹೋದೊ. ಫಳಫಳಾ ಅಂತ ಬತ್ತಾದೆ. ನಿಮ್ಗೆ ವಾಪಸ್ ಬೇಕಾ ಅಂತ ಕೇಳಾಣ ಅಂತ ಬಂದೆ."

ಸುನಂದಮ್ಮನ ನಗೆ ಅರ್ಧಕ್ಕೇ ನಿಂತಿತು. ಅವರು ನಿಧಾನವಾಗಿ ಒಳಗೆ ಬಂದರು. ಕುರ್ಚಿಯಲ್ಲಿದ್ದ ಗಂಡನ ಮುಂದೆ ಕಾಫಿ ಲೋಟ ಹಿಡಿದರು. ಸದ್ದು ಮಾಡಲಿಲ್ಲ. ನಿಂಗಯ್ಯ ಟಿ.ವಿ. ನೋಡುತ್ತಲೇ ಇದ್ದರು. ಲೋಟ ಅವರ ಮೂಗಿನ ಮುಂದೆ ಹಬೆಯಾಡುತ್ತಿತ್ತು. ಸುನಂದಮ್ಮ ಕೈಯನ್ನು ಬಲಕ್ಕೆ ಸರಿಸಿದರು, ಎಡಕ್ಕೆ ಸರಿಸಿದರು...

"ಕಾಫಿ ವಾಸ್ನೆ ಬತ್ತಾದೆ. ಸುಧಾ, ತಂದ್ಯೇನವ್ವ?" ಎಂದರು ನಿಂಗಯ್ಯ.

ಲೋಟ ನೆಲಕ್ಕೆ ಬಿತ್ತು. ಸುನಂದಮ್ಮನ ಚೀರಾಟಕ್ಕೆ ಅಕ್ಕಪಕ್ಕದ ಮನೆಯವರು ಓಡಿಬಂದರು.

ಮೈಸೂರಿನ ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. ಕಣ್ಣಿನ ನರ ಸತ್ತಿದೆ, ಹೋದ ದೃಷ್ಟಿ ಯಾವ ಔಷಧಿಗೂ ವಾಪಸು ಬರುವುದಿಲ್ಲ ಎಂದರು. ಮಬ್ಬು ಕಂಡಾಗಲೇ ಕರೆತಂದಿದ್ದರೆ ಇದ್ದಷ್ಟನ್ನಾದರೂ ಉಳಿಸಬಹುದಿತ್ತು ಎಂದೂ ಸೇರಿಸಿದರು.

ಆ ಒಂದು ಮಾತು ಸಾಕಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಸುನಂದಮ್ಮ ಸೊಸೆಯ ಭುಜ ಹಿಡಿದು ಅಲುಗಾಡಿಸಿದರು. "ಪಕ್ದಲ್ಲೇ ಕೂತಿದ್ಯಲ್ಲೇ ದಿನಾ! ನಿಂಗೆ ಗೊತ್ತಿತ್ತು! ಗೊತ್ತಿದ್ದೂ ಬಾಯ್ ಮುಚ್ಕೊಂಡಿದ್ದೆ! ನನ್ ಮೇಲಿನ ಸಿಟ್ಟಿಗೆ ಅವ್ರ ಕಣ್ ತಿಂದ್ಬುಟ್ಯಲ್ಲೇ!"

ಸುಧಾ ಗಂಡನ ಕಡೆ ನೋಡಿದಳು. ಕಾಂತರಾಜು ಬೇರೆ ಕಡೆ ಮುಖ ತಿರುಗಿಸಿದ. ಭಾಷೆ ಮುರಿದಿದ್ದರೆ ಒಂದಿಷ್ಟು ಬೆಳಕಾದರೂ ಉಳಿಯುತ್ತಿತ್ತೋ ಏನೋ... ಆ ಯೋಚನೆ ಅತ್ತೆಯ ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು.

"ಸುನಂದಾ!" ನಿಂಗಯ್ಯ ಗದರಿದರು. "ಅವ್ಳ್ದೇನೂ ತಪ್ಪಿಲ್ಲ. ಹೇಳ್ಬ್ಯಾಡ ಅಂತ ಭಾಷೆ ತಗಂಡೋನು ನಾನು! ಆ ಟಿ.ವಿ.ನೂ ಅವ್ಳು ಕೆಡಿಸ್ಲಿಲ್ಲ!"

ಬದುಕಿನಲ್ಲಿ ಮೊದಲ ಸಲ ಯಾರೂ ಅವರ ಮಾತಿಗೆ ತಲೆಯಾಡಿಸಲಿಲ್ಲ.

"ನೀವ್ ಸುಮ್ಕಿರಿ," ಎಂದರು ಸುನಂದಮ್ಮ, ಅಳುತ್ತಲೇ. "ನಿಮ್ಗೇನು ಗೊತ್ತಾಯ್ತದೆ? ಅವ್ಳ ಪರ ವಹಿಸ್ಕೊಂಡು ಏನೋ ಒಂದು ಹೇಳ್ತೀರಿ."

"ಅಪ್ಪ, ಬುಡಿ. ನಡೀರಿ," ಎಂದು ಕಾಂತರಾಜು ತೋಳು ಹಿಡಿದು ಮೆಟ್ಟಿಲಿಳಿಸಿದ. ಟಿ.ವಿ. ಕೆಟ್ಟಿದೆ ಎಂದು ತಪ್ಪು ಹೇಳಿದಾಗ ಮನೆಯೇ ನಂಬಿತ್ತು. ಇಂದು ಸತ್ಯ ಹೇಳಿದರೆ ಕೇಳುವವರಿಲ್ಲ. ನಿಂಗಯ್ಯ ಮತ್ತೆ ಆ ವಿಷಯ ಎತ್ತಲಿಲ್ಲ.

ಮತ್ತೆ ಆಯುಧಪೂಜೆ ಬಂತು. ಆ ಹೊತ್ತಿಗೆ ನಿಂಗಯ್ಯನವರ ಕುರ್ಚಿ ನಡುಮನೆಯ ಮೂಲೆಗೆ ಸರಿದಿತ್ತು. ಸೊಪ್ಪು ಹಿಡಿದು ಬರುವವರು ಈಗ ಬೇರೆ ಮನೆಗೆ ಹೋಗುತ್ತಿದ್ದರು. ಗೋಡೆಯ ಟಿ.ವಿ.ಗೆ ಧೂಳು ಹಿಡಿದಿತ್ತು. ಸುನಂದಮ್ಮ ಒರೆಸುವ ಬಟ್ಟೆಯನ್ನು ಸೊಸೆಯ ಕಾಲ ಬಳಿ ಎಸೆದರು.

"ತಗೋ, ಒರೆಸು. ಬೇಕಾದ್ರೆ ಮೈತುಂಬ ವಿಭೂತಿ ಬಳಿ. ಇನ್ನ ಕೆಟ್ರೆ ನೋಡೋರಾದ್ರೂ ಯಾರು?"

ಸುಧಾ ಒರೆಸತೊಡಗಿದಳು. ಆರಿದ ಪರದೆಯಲ್ಲಿ ಮಾವನ ಬಿಂಬ ಕಾಣುತ್ತಿತ್ತು. ಬಟ್ಟೆಯ ಸದ್ದು ಕೇಳಿ ಅವರು ಮುಖ ಎತ್ತಿದರು.

"ಮಗಾ... ಚೆನ್ನಾಗಿ ಕಾಣ್ತದಾ?"

ಪರದೆಯನ್ನು ಇನ್ನೊಮ್ಮೆ ಒರೆಸಿ ಅವಳು ಹೇಳಿದಳು:

"ಕಾಣ್ತದೆ ಮಾವ."