ನೀಲಿ ಹತ್ತಿದ ಎಲೆ

ವೈನ್ ತೊಟ್ಟಿಯ ಮುಚ್ಚಳ ತೆಗೆದವಳೇ ಜಾಯಿರಾ ಎದೆ ಹಿಡಿದುಕೊಂಡಳು. ಸ್ಟ್ರಾಬೆರಿ ವಾಸನೆ! ಹುಳಿಯುತ್ತಿದ್ದ ರಸದ ಮೇಲೆ ಆ ವಾಸನೆಯ ಇಸಬೆಲ್ಲಾ ದ್ರಾಕ್ಷಿ ಗೊಂಚಲುಗಳು ತೇಲುತ್ತಿದ್ದವು. ಆ ತಳಿಯ ವೈನ್ ಮಾರುವುದು ಕಾನೂನಿಗೆ ವಿರುದ್ಧ. ಹಿಡಿಯಷ್ಟು ಬೆರೆತರೂ ಇಡೀ ತೊಟ್ಟಿ ಚರಂಡಿಗೆ. ಗಂಡ ತೀರಿಹೋದ ಮೇಲೆ ಅವಳಿಗಿದ್ದ ಆಧಾರ ಇದೊಂದೇ. ಇದು ಹೋದರೆ ತೋಟವನ್ನು ಮೈದುನನಿಗೆ ಮಾರದೆ ವಿಧಿಯಿಲ್ಲ.

ಅಷ್ಟರಲ್ಲೇ ಗೆದೆಯೋನೆ ಎಂಬ ಆ ಮೈದುನ ಪೊಲೀಸ್ ಅಧಿಕಾರಿ ಬೆಲ್ತ್ರಾಮೆಯನ್ನು ಕರೆತಂದ.

“ನೋಡಿ ಸಾಹೇಬ್ರೇ, ಮೂಗಿದ್ದವರಿಗೆ ಬೇರೆ ಸಾಕ್ಷಿ ಬೇಕಾ?”

“ನಿಮ್ಮ ಕೆಲಸವೇನಮ್ಮಾ ಇದು?”

“ನನ್ನ ಬಾಯಿಗೆ ನಾನೇ ಮಣ್ಣು ಹಾಕ್ಕೊಳ್ತೀನಾ ಸ್ವಾಮಿ?”

“ಇಸಬೆಲ್ಲಾ ಬಳ್ಳಿ ಇಟ್ಟಿದ್ದೀರಾ?”

“ಅಂಗಳದ ಚಪ್ಪರದಲ್ಲಿದೆ. ಮನೆಯವರು ಕುಡಿಯೋಕೆ ಅಡ್ಡಿಯಿಲ್ಲವಲ್ಲ?”

ಗೆದೆಯೋನೆ ನಕ್ಕ. “ಊರಿಗೆಲ್ಲ ಅದೊಂದೇ ಉಳಿದಿರೋದು. ಕಾನೂನು ಬಂದ ವರ್ಷವೇ ನಾನು ನಮ್ಮದನ್ನ ಕಿತ್ತು ಒಲೆಗೆ ಹಾಕ್ದೆ. ಈ ಸಲ ಬೆಳೆ ಕಮ್ಮಿ ನೋಡಿ, ಅತ್ತಿಗೆ ತೊಟ್ಟಿ ತುಂಬಿಸೋಕೆ—”

“ನಿನ್ನ ನಾಲಿಗೆ ಬಿದ್ದುಹೋಗ!”

ಬೆಲ್ತ್ರಾಮೆ ಒಂದು ಗೊಂಚಲು ಎತ್ತಿದ. ಕಡ್ಡಿಗೆ ಎಲೆಯೊಂದು ಅಂಟಿತ್ತು. ಅದನ್ನು ಹಿಡಿದು ಚಪ್ಪರದವರೆಗೆ ಹೋಗಿ ಬಂದ.

“ಅಮ್ಮಾ, ಚಪ್ಪರಕ್ಕೆ ಮೈಲುತುತ್ತದ ಔಷಧಿ ಹೊಡೀತೀರಾ?”

“ಇಸಬೆಲ್ಲಾಗೆ ಯಾರು ಹೊಡೀತಾರೆ? ಅದಕ್ಕೆ ರೋಗವೇ ಬರಲ್ಲ. ತೋಟದ ಬಳ್ಳಿಗೇ ಸಾಲಲ್ಲ.”

“ಹಾಗಾದ್ರೆ ಈ ಎಲೆ ಮೇಲಿನ ನೀಲಿ?”

ಜಾಯಿರಾ ಕಣ್ಣರಳಿಸಿದಳು. ಇಟಲಿಯ ಆ ವೆನೆತೊ ಬೆಟ್ಟಗಳಲ್ಲಿ ಗೋಡೆ, ಟೋಪಿ, ಉಗುರು ಎಲ್ಲಕ್ಕೂ ಮೈಲುತುತ್ತದ ನೀಲಿಯೇ. ಅದನ್ನು ಯಾರು ಗಮನಿಸುತ್ತಾರೆ?

“ನಿಮ್ಮ ಚಪ್ಪರದ ಎಲೆ ಅಚ್ಚ ಹಸಿರು,” ಬೆಲ್ತ್ರಾಮೆ ಹೇಳಿದ. “ಇದು ಬೇರೆ ತಳಿಗಳ ಸಾಲಿನಲ್ಲಿ ಬಚ್ಚಿಟ್ಟು ಬೆಳೆಸಿದ ಬಳ್ಳಿ. ಅಕ್ಕಪಕ್ಕಕ್ಕೆ ಹೊಡೆದ ಔಷಧಿ ಇದಕ್ಕೂ ಬಿದ್ದಿದೆ. ಚಪ್ಪರದಲ್ಲೇ ಇಟ್ಟುಕೊಂಡವರು ಬಚ್ಚಿಡಬೇಕಾಗಿಲ್ಲ, ಕಿತ್ತೆ ಅಂದವರು ಬಚ್ಚಿಡಬೇಕು. ಗೆದೆಯೋನೆ, ನಿಮ್ಮ ತೋಟ ತೋರಿಸ್ತೀರಾ?”

ಗೆದೆಯೋನೆಯ ನಗು ಆರಿಹೋಯಿತು. ಅವನ ತೋಟದ ನಡುಸಾಲಿನಲ್ಲಿ ನೀಲಿ ಹತ್ತಿದ ಇಸಬೆಲ್ಲಾ ಸಿಕ್ಕಿತು. ಗೊಂಚಲು ಕೊಯ್ದ ಗಾಯ ಇನ್ನೂ ಹಸಿಯಾಗಿತ್ತು.

“ನೀವೇ ಬೆರೆಸಿದ್ದು.”

“ಅತ್ತಿಗೆ ತೋಟವೂ ನಮ್ಮಪ್ಪನದೇ ಸಾಹೇಬ್ರೇ! ಹೊರಗಿನಿಂದ ಬಂದವಳ ಕೈಲಿ...”

ಜಾಯಿರಾಗೆ ಅದು ಕೇಳಿಸಲೇ ಇಲ್ಲ. “ಅಂದ್ರೆ ನನ್ನ ವೈನ್ ಉಳೀತಲ್ಲ ಸ್ವಾಮಿ?”

ಬೆಲ್ತ್ರಾಮೆ ಟೋಪಿ ತೆಗೆದ. “ಯಾರು ಬೆರೆಸಿದ್ರು ಅಂತ ಈ ಕಾನೂನು ಕೇಳಲ್ಲಮ್ಮಾ. ಬೆರೆತಿದೆಯಾ ಅಂತಷ್ಟೇ ಕೇಳುತ್ತೆ. ನಷ್ಟ ಕೋರ್ಟು ಕೊಡಿಸಬಹುದು.”

“ಯಾವಾಗ?”

ಅವನು ಎಲೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ.

ಜಾಯಿರಾ ಮನೆಗೆ ಬಂದಳು. ಬೇರೆಯವರನ್ನು ಮುಟ್ಟಗೊಡದೆ ತಾನೇ ತೊಟ್ಟಿಯ ಬಿರಡೆ ಕಿತ್ತಳು. ಬಾಗಿಲಲ್ಲಿ ನಿಂತಿದ್ದ ಮೈದುನನತ್ತ ತಿರುಗಿದಳು.

“ಪೊಲೆಂಟಾ ಗಂಜಿಗೂ ಗತಿಯಿಲ್ಲದೆ ಸತ್ರೂ, ತೋಟ ನಿನಗೆ ಮಾತ್ರ ಮಾರಲ್ಲ ಕಣೋ.”

ರಸ ಪೂರ್ತಿ ಹರಿದುಹೋಗುವವರೆಗೂ ಅವಳು ಅಲ್ಲೇ ಕೂತು ಅತ್ತಳು.