ಗಸ್ತು ದೋಣಿಯ ಕಿಟಕಿಗಳು

ದೋಣಿಯಪ್ಪ ಅಟ್ಟದ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ತಲೆ ಕೆಳಗೆ, ಕಾಲು ಮೇಲೆ. ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ಮಗಳು ದೀಪ ಹಾಕಿದಳು, ನೋಡಿದಳು, ಮೂಗಿನ ಹತ್ತಿರ ಬೆರಳಿಟ್ಟಳು. ಕಿರುಚಲಿಲ್ಲ. ದಡದಡ ಕೆಳಮನೆಗೆ ಇಳಿದು ಚಿಕ್ಕಪ್ಪನ ಬಾಗಿಲಿಗೆ ಒದ್ದಳು.

"ಹೊರಗೆ ಬಾರೋ! ಕೊಂದೆಯಲ್ಲೋ ನನ್ನಪ್ಪನ್ನ!"

ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಬೀದಿಗೆ ಬೀದಿಯೇ ನೆರೆದಿತ್ತು. ಆಕೆ ಆ ಠಾಣೆಗೆ ಹೊಸಬಳು, ಆದರೆ ಈ ಮನೆಯ ಕಥೆ ಆಕೆಗೂ ಗೊತ್ತಿತ್ತು. ಅಣ್ಣ ಮೇಲ್ಮನೆ, ತಮ್ಮ ಕೆಳಮನೆ. ಮನೆಯೂ ನಡುವಿನ ಮೆಟ್ಟಿಲೂ ಯಾರದೆಂದು ಕೋರ್ಟಿನಲ್ಲಿ ವ್ಯಾಜ್ಯ. ಮೆಟ್ಟಿಲ ಉದ್ದಕ್ಕೂ ಕೆಂಪು ಬಣ್ಣದ ಗೆರೆ. ಅಣ್ಣನ ಮನೆಯವರು ಎಡಗಡೆ ಹತ್ತಬೇಕು, ತಮ್ಮ ಬಲಗಡೆಯಿಂದ ತಾರಸಿಗೆ ಹೋಗಬೇಕು. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ತಮ್ಮನದು ಕನ್ನಡಕದ ಅಂಗಡಿ. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಮುಖದಲ್ಲಿ ಅಳುವೂ ಇಲ್ಲ, ಅಂಜಿಕೆಯೂ ಇಲ್ಲ.

"ಮಧ್ಯಾಹ್ನ ಎಲ್ಲಿದ್ದಿರಿ?"

"ಊಟಕ್ಕೆ ಬಂದಿದ್ದೆ. ಒಬ್ಬನೇ ಇದ್ದೆ. ಸಾಕ್ಷಿ ಬೇಕಾದ್ರೆ ತಟ್ಟೆ ಕೇಳಿ."

"ಅಣ್ಣ ಸತ್ತಿದಾರೆ. ತಮಾಷೆ ಮಾಡ್ತೀರಾ?"

"ನನ್ನ ಪಾಲಿಗೆ ಅವನು ಯಾವತ್ತೋ ಸತ್ತಿದ್ದ, ಮೇಡಂ. ನಿಮಗೆ ಇವತ್ತು ಗೊತ್ತಾಯ್ತು ಅಷ್ಟೇ."

ಮೇಲಿನಿಂದ ಅಳಿಯ ಇಳಿದು ಬಂದ. ಮಗಳ ಗಂಡ. ಮಾವನ ಮನೆಯಲ್ಲೇ ವಾಸ. ಧ್ವನಿ ಮೆತ್ತಗೆ, ನಡಿಗೆಯೂ ಮೆತ್ತಗೆ.

"ವಯಸ್ಸಾಗಿತ್ತು ಮೇಡಂ. ಕಾಲು ಜಾರಿರಬೇಕು. ನನಗೆ ತಲೆನೋವು, ಮಧ್ಯಾಹ್ನವೆಲ್ಲ ಮಲಗಿಬಿಟ್ಟಿದ್ದೆ. ಏನೂ ಕೇಳಿಸಲಿಲ್ಲ. ಪಾಪ, ಇವಳ ಸಂಕಟಕ್ಕೆ ಚಿಕ್ಕಮಾವನ ಮೇಲೆ ಹೋಗ್ತಿದಾಳೆ."

ಇನ್‌ಸ್ಪೆಕ್ಟರ್ ಹೆಣದ ಪಕ್ಕ ಕೂತಳು. ಬಲಗೈ ಮುಷ್ಟಿ ಬಿಗಿದಿತ್ತು. ಬಿಡಿಸಿದಳು. ಅಂಗೈಯಲ್ಲಿ ಹಿತ್ತಾಳೆ ತಂತಿಯ ಪುಟ್ಟ ತುಂಡು. ತಂತಿಗೆ ಸೂಜಿಮೊನೆಯಷ್ಟು ಸಣ್ಣ ಕಂಬಗಳು. ಇರುವೆಗೆ ಕಟ್ಟಿಸಿದ ಬೇಲಿಯ ಹಾಗಿತ್ತು.

* * *

ಅಟ್ಟವೇ ಸತ್ತವನ ಕಾರ್ಖಾನೆ. ಹಿಂದೆ ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುತ್ತಿದ್ದವನು. ನಿವೃತ್ತಿಯ ಮೇಲೆ ಒಂದೇ ಹುಚ್ಚು, ದೋಣಿ. ಅದಕ್ಕೇ ಬೀದಿಯವರು ದೋಣಿಯಪ್ಪ ಎಂದು ಹೆಸರಿಟ್ಟಿದ್ದು.

ಮೇಜಿನ ಮೇಲೆ, ಗಾಜಿನ ಮುಚ್ಚಳದೊಳಗೆ, ಯುದ್ಧಕಾಲದ ಗಸ್ತು ದೋಣಿ. ಮೊಳಕ್ಕಿಂತ ಸ್ವಲ್ಪ ಉದ್ದ. ಅಂಗಡಿಯಲ್ಲಿ ಪೆಟ್ಟಿಗೆ ತಂದು ಬಿಡಿಭಾಗ ಜೋಡಿಸಿದ್ದಲ್ಲ. ಪಕ್ಕೆಲುಬುಗಳನ್ನು ಪ್ಲೈವುಡ್ಡಿನಲ್ಲಿ ಕೊಯ್ದು, ಅದರ ಮೇಲೆ ತೆಳು ಪಟ್ಟಿ ಹೊದಿಸಿ, ಉಜ್ಜಿ ಉಜ್ಜಿ ಒಡಲು ತಂದಿದ್ದ. ಫಿರಂಗಿಯ ನಳಿಗೆಗೆ ಇಂಜೆಕ್ಷನ್ ಸೂಜಿ. ಹಗ್ಗಕ್ಕೆ ಮೇಣ ಸವರಿದ ದಾರ. ಚುಕ್ಕಾಣಿ ಕೋಣೆಯ ಕಿಟಕಿಗಳಿಗೆ ಮಾತ್ರೆ ಪೊಟ್ಟಣದ ಪಾರದರ್ಶಕ ಹಾಳೆ. ಅಂಟು ಎಲ್ಲಿ ಹಾಕಿದ್ದಾನೆಂದು ಹುಡುಕಿದರೂ ಸಿಗದು.

ಒಂದು ಕಡೆ ಬಿಟ್ಟು. ದೋಣಿಯ ನಡುವೆ ನಿಂತ ಎತ್ತರದ ಕಂಬದ ಬುಡದಲ್ಲಿ ಅಂಟು ಸಿಂಬಳದ ಹಾಗೆ ಮೆತ್ತಿಕೊಂಡಿತ್ತು. ದೋಣಿಯ ಹಿಂಬದಿಯಲ್ಲಿ, ಅಂಚಿನ ಬೇಲಿಯಂಥ ಕಟಕಟೆಯ ಒಂದು ತುಂಡು ಇರಲಿಲ್ಲ. ಅದು ಮುಷ್ಟಿಯಲ್ಲಿತ್ತಲ್ಲ!

"ಜಾರಿ ಬಿದ್ದವನು ಕಟಕಟೆ ಕಿತ್ತುಕೊಂಡು ಜಾರ್ತಾನೇನ್ರೀ?" ಎಂದಳು ಇನ್‌ಸ್ಪೆಕ್ಟರ್.

ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ಯಾರೋ ದೋಣಿ ಕಿತ್ತಾಡಿದಾರೆ ಮೇಡಂ. ಕಂಬ ಮುರಿದಿದೆ. ಆಮೇಲೆ ಅಂಟಿಸಿ ಮುಚ್ಚಿಟ್ಟಿದಾರೆ."

"ಏನೂ ನಡೆದೇ ಇಲ್ಲ ಅಂತ ತೋರಿಸೋಕೆ. ಅಂಟಿನ ಟ್ಯೂಬ್ ಎಲ್ಲಿ?"

ಮೇಜಿನ ಮೇಲೆ ಬಗೆಬಗೆಯ ಅಂಟುಗಳಿದ್ದವು. ಆದರೆ ಮುಚ್ಚಳದ ಅಂಚಿನಿಂದ ಸೋರುವ ವಾಸನೆ ಬೇರೆ, ಕಣ್ಣಿಗೆ ಚುರ್ರೆನ್ನುವಂಥದ್ದು. ಆ ಟ್ಯೂಬು ಸಿಕ್ಕಿದ್ದು ಕೆಳಗೆ, ಮೆಟ್ಟಿಲಡಿಯ ಗೂಡಿನಲ್ಲಿ. ಚಪ್ಪಲಿ ಅಂಟಿಸುವ ಸೂಪರ್ ಗ್ಲೂ. ಗೂಡು ಕೆಂಪು ಗೆರೆಯ ಬಲಕ್ಕಿತ್ತು. ತಮ್ಮನದು.

ಹೆಡ್ ಕಾನ್‌ಸ್ಟೇಬಲ್ ಬೇಡಿಗೆ ಕೈಹಾಕಿದ.

"ತಡೀರಿ," ಎಂದಳು ಆಕೆ. "ಅಟ್ಟಕ್ಕೆ ಬೀಗ ಹಾಕಿ, ಸೀಲ್ ಮಾಡಿ. ಗಾಜಿನ ಮುಚ್ಚಳ ಯಾರೂ ಮುಟ್ಟಬಾರದು."

* * *

ಬೆಳಿಗ್ಗೆ ಬೀಗ ತೆಗೆದ ಹೆಡ್ ಕಾನ್‌ಸ್ಟೇಬಲ್ ಎರಡು ಹೆಜ್ಜೆ ಹಿಂದೆ ಸರಿದ.

"ಅಯ್ಯೋ ಮೇಡಂ, ದೆವ್ವದ ಕೈ!"

ಗಾಜಿನ ಒಳಗೋಡೆಯ ಮೇಲೆ ಬಿಳಿ ಬೆರಳುಗಳು ಮೂಡಿದ್ದವು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಕೆಳ ಅಂಚಿನಿಂದ ಮೇಲಕ್ಕೆ ಚಾಚಿಕೊಂಡು. ಕಂಬದ ಬುಡಕ್ಕೆ ಬೂದಿ ಎರಚಿದಂಥ ಬಿಳಿ. ಪುಟ್ಟ ಕಿಟಕಿಗಳು ಪೊರೆ ಬಂದ ಕಣ್ಣಾಗಿದ್ದವು.

ಇನ್‌ಸ್ಪೆಕ್ಟರ್ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಈ ರಾಕ್ಷಸನದು ಗಾಜಿನ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿತ್ತು.

"ಸೂಪರ್ ಗ್ಲೂ ಹಸಿ ಇದ್ದಾಗ ಹೊಗೆ ಬಿಡುತ್ತೆ. ಮುಚ್ಚಿಟ್ಟರೆ ಆ ಹೊಗೆ ಗಾಜಿನ ಮೇಲೆ, ಬೆರಳಿನ ಜಿಡ್ಡಿನ ಮೇಲೆ ಕೂತು ಬೆಳ್ಳಗಾಗುತ್ತೆ. ಲ್ಯಾಬಿನಲ್ಲಿ ನಾವು ಬೇಕಂತಲೇ ಮಾಡ್ತೀವಿ. ಇಲ್ಲಿ ಕೊಲೆಗಾರ ಪುಕ್ಕಟೆ ಮಾಡಿಕೊಟ್ಟಿದಾನೆ. ಫೋಟೋ ತೆಗೆಸಿ. ಮನೆಯವರ ಬೆರಳಚ್ಚೂ ತಗೊಳ್ಳಿ."

ಮಗಳು ಬಾಗಿಲಿಗೆ ಬಂದಿದ್ದಳು. ದೂರದಿಂದಲೇ ಆ ಬಿಳಿ ನೋಡಿ ಅವಳ ಮುಖ ಕೆಂಪೇರಿತು. ಸರ್ರನೆ ಹೋದಳು. ಹಳೆಯ ದೋಣಿಯೊಂದನ್ನು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಅದೇ ಗಸ್ತು ದೋಣಿ, ಒರಟು ಕೆಲಸ. ಅದರ ಕಿಟಕಿಗಳೂ ಬೆಳ್ಳಗಿದ್ದವು.

"ನೋಡಿ! ಅದೇ ಬಿಳಿ! ಯುದ್ಧದಲ್ಲಿ ನಮ್ಮ ತಾತ ಚುಕ್ಕಾಣಿ ಹಿಡಿದಿದ್ದ ದೋಣಿ ಇದು. ತಾತ ಹಾಸಿಗೆ ಹಿಡಿದಾಗ ಅಣ್ಣತಮ್ಮ ಸೇರಿ ಕಟ್ಟಿದ್ದು. ಕಡೇ ದಿನ ಈ ಚಿಕ್ಕಪ್ಪ ಅವಸರ ಮಾಡಿ ಈ ಹಾಳು ಅಂಟು ಹಚ್ಚಿ ಮುಚ್ಚಿಟ್ಟರು. ತಾತನ ಕಣ್ಣಿಗೆ ಬಿದ್ದಿದ್ದು ಈ ಕುರುಡು ಕಿಟಕಿ. ಮಾರನೇ ದಿನ ತಾತ ಹೋಗಿಬಿಟ್ಟರು. ಅವತ್ತಿಂದ ಅಪ್ಪ ಇವರ ಮುಖ ನೋಡಿಲ್ಲ. ಈ ಅಂಟನ್ನ ಮನೆಯೊಳಗೆ ಸೇರಿಸಿಲ್ಲ. ಈಗ ಅದೇ ಕೆಲಸ ಮತ್ತೆ ಮಾಡಿದಾರೆ!"

"ಈ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಾ?"

"ನಾನು ಊಟಕ್ಕೆ ಕೂತಾಗಲೆಲ್ಲ ಕೇಳಿದೀನಿ. ನಮ್ಮ ಯಜಮಾನರಿಗೆ ಅಪ್ಪನ ಕಥೆ ಅಂದ್ರೆ ಆಗದು. ಅಪ್ಪ ಬಾಯಿ ತೆಗೆದರೆ ಎದ್ದು ಹೋಗ್ತಾರೆ."

ಇನ್‌ಸ್ಪೆಕ್ಟರ್ ಅವಳನ್ನೇ ಒಂದು ಕ್ಷಣ ನೋಡಿದಳು. ಪಾಪ, ತಾನು ಏನು ಹೇಳಿದೆನೆಂದು ಅವಳಿಗೇ ತಿಳಿದಿರಲಿಲ್ಲ.

* * *

ಹೊಸ ಗಾಜಿನ ಮುಚ್ಚಳ ಲ್ಯಾಬಿಗೆ ಹೋಯಿತು. ಮಧ್ಯಾಹ್ನ ಮೂವರನ್ನೂ ಅಟ್ಟಕ್ಕೆ ಕರೆಸಿದಳು. ಮೇಜಿನ ಮೇಲೆ ಹಳೆಯ ದೋಣಿಯ ಗಾಜಿನ ಮುಚ್ಚಳ ಖಾಲಿ ಕೂತಿತ್ತು.

"ಒಬ್ಬೊಬ್ಬರಾಗಿ ಇದನ್ನ ಎತ್ತಿ ಆ ಕಡೆ ಇಡಿ."

"ಇದೇನು ಮಕ್ಕಳಾಟ?" ತಮ್ಮ ಗೊಣಗಿದ. ಎರಡೂ ಅಂಗೈ ಗಾಜಿನ ಹೊರಮೈಗೆ ಒತ್ತಿ ಎತ್ತಿಟ್ಟ. ಒಳಗಡೆ ಒಂದು ಬೆರಳೂ ತಾಗಲಿಲ್ಲ. ಜನ್ಮವೆಲ್ಲ ಗಾಜು ಹಿಡಿದ ಕೈ.

ಮಗಳು ಸೆರಗು ಸುತ್ತಿಕೊಂಡೇ ಮುಟ್ಟಿದಳು. "ಬರಿಗೈಯಲ್ಲಿ ಮುಟ್ಟಿದ್ರೆ ಅಪ್ಪ ಕೈ ಮುರೀತಿದ್ದರು."

ಅಳಿಯ ಮುಂದೆ ಬಂದ. ಕೆಳ ಅಂಚಿನೊಳಗೆ ಬೆರಳು ತೂರಿಸಿ, ಪಾತ್ರೆ ಎತ್ತುವ ಹಾಗೆ ಎತ್ತಿದ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು.

ಹೆಡ್ ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ನಿಂತ.

"ಇಳಿಸಿ," ಎಂದಳು ಇನ್‌ಸ್ಪೆಕ್ಟರ್. "ಲ್ಯಾಬಿನಿಂದ ಫೋನ್ ಬಂದಾಯ್ತು. ಬೆರಳುಗಳು ನಿಮ್ಮವೇ. ನಿಮ್ಮ ಬಾಯಿಂದ ಏನು ಬರುತ್ತೆ ಅಂತ ನೋಡೋಣ ಅಂತ ಕರೆಸಿದೆ."

"ಯಾವಾಗಲೋ ಮುಟ್ಟಿರಬಹುದು! ಇದೇ ಮನೇಲಿದೀನಲ್ಲ!"

"ಆ ಮುಚ್ಚಳ ಗಾಜಿನವನು ತಂದುಕೊಟ್ಟಿದ್ದು ನಿನ್ನೆ ಬೆಳಿಗ್ಗೆ. ಅವನ ಕಣ್ಣೆದುರೇ ನಿಮ್ಮ ಮಾವ ಸ್ಪಿರಿಟ್ ಹಾಕಿ ಒಳಗೆಲ್ಲ ಒರೆಸಿದರು. ನೀವು ಮಧ್ಯಾಹ್ನವೆಲ್ಲ ಮಲಗಿದ್ದವರು. ಕನಸಿನಲ್ಲಿ ಬಂದು ಮುಟ್ಟಿದಿರಾ?"

ಅಳಿಯ ಬಾಗಿಲ ಕಡೆ ತಿರುಗಿ ನೋಡಿದ.

"ನಾನೂ ಮೊದಲು ಇವರನ್ನೇ ಅನುಮಾನಿಸಿದೆ," ಆಕೆ ಅಳಿಯನಿಂದ ಕಣ್ಣು ತೆಗೆಯದೆ ತಮ್ಮನ ಕಡೆ ಕೈ ತೋರಿಸಿದಳು. "ದ್ವೇಷ ಇವರದು, ಟ್ಯೂಬು ಇವರದು. ಆದರೆ ಈ ಅಂಟಿಗೆ ಅಣ್ಣನನ್ನೇ ಕಳೆದುಕೊಂಡವರು ಅದನ್ನ ಹಚ್ಚಿ ಮತ್ತೆ ಗಾಜು ಮುಚ್ಚುತ್ತಾರಾ? ನಿದ್ದೆಯಲ್ಲೂ ಮುಚ್ಚಲ್ಲ. ಮುಚ್ಚಿದರೆ ಬಿಳಿ ಕೂರುತ್ತೆ ಅಂತ ನಿಮ್ಮ ಹೆಂಡತಿಗೂ ಗೊತ್ತು. ಆ ಕಥೆ ಕೇಳದೆ ಎದ್ದು ಹೋಗ್ತಿದ್ದವರು ನೀವೊಬ್ಬರೇ. ಮಾವ ಬಿದ್ದ ಮೇಲೆ ಹೆಣ ದಾಟಿಕೊಂಡು ಇಳಿದು ಟ್ಯೂಬು ತಂದಿರಿ. ಕಂಬ ಅಂಟಿಸಿದಿರಿ. ಮತ್ತೆ ದಾಟಿಕೊಂಡು ಹೋಗಿ ಅದನ್ನ ಅವರ ಗೂಡಿಗೇ ಹಾಕಿದಿರಿ. ಜಾರಿ ಬಿದ್ದ ಅಂತ ನಂಬಿದ್ರೆ ಸರಿ, ಇಲ್ಲದಿದ್ರೆ ತಮ್ಮ ಸಿಕ್ಕಿಬೀಳಲಿ ಅಂತ. ಕಟಕಟೆ ಮಾತ್ರ ಸಿಗಲಿಲ್ಲ."

ಮಗಳು ಗಂಡನ ಎದುರು ನಿಂತಳು. "ರೀ, ಇಲ್ಲ ಅನ್ನಿ."

ಅವನ ಮೆತ್ತನೆಯ ಧ್ವನಿ ಹರಿದುಹೋಯಿತು.

"ಏನಂತ ಇಲ್ಲ ಅನ್ನಲಿ? ದಂಡಪಿಂಡ ಅನ್ನಿಸಿಕೊಂಡು ಇಲ್ಲಿ ಬಿದ್ದಿದ್ದೆ. ಕೇಸು ಗೆದ್ದರೆ ಇಡೀ ಮನೆ ನಮ್ಮದಾಗುತ್ತೆ ಅಂತ ನುಂಗಿಕೊಂಡೆ. ನಿನ್ನೆ ಮುದುಕ ಏನಂದ ಗೊತ್ತಾ? ಕೇಸು ವಾಪಸ್ ತಗೋತೀನಿ, ಈ ದೋಣಿ ತಮ್ಮನಿಗೆ ಕೊಡ್ತೀನಿ ಅಂದ! ಎತ್ತಿ ಬಿಸಾಡೋಕೆ ಹೋದೆ. ಎಳೆದಾಡಿದ. ತಳ್ಳಿದೆ. ಅಷ್ಟೇ!"

ಮಗಳ ಕೈ ಬೀಸಿ ಅವನ ಕೆನ್ನೆಗೆ ಬಿತ್ತು. ಹೆಡ್ ಕಾನ್‌ಸ್ಟೇಬಲ್ ಬೇಡಿ ಹಾಕಿ ಅವನನ್ನು ಎಳೆದುಕೊಂಡು ಹೋದ. ಮೆಟ್ಟಿಲಿಳಿಯುವಾಗ ಅವನು ಕೆಂಪು ಗೆರೆಯ ಯಾವ ಕಡೆಗಿದ್ದನೆಂದು ಯಾರೂ ನೋಡಲಿಲ್ಲ.

* * *

ತಮ್ಮ ಹೊಸ ದೋಣಿಯ ಮುಂದೆ ಕದಲದೆ ನಿಂತಿದ್ದ.

"ಸುಳ್ಳು," ಎಂದ. "ನನಗೆ ಕೊಡ್ತಾನಂತೆ. ಅವನು ನನಗೆ ಬೈಗುಳ ಬಿಟ್ಟು ಏನೂ ಕೊಟ್ಟವನಲ್ಲ."

ಮಗಳು ಚಿಮಟ ತಂದು ಚುಕ್ಕಾಣಿ ಕೋಣೆಯ ಮೇಲ್ಛಾವಣಿಯನ್ನು ಮೆಲ್ಲಗೆ ಎತ್ತಿದಳು. ಅದು ಕಳಚುವಂತೆಯೇ ಅಪ್ಪ ಮಾಡಿದ್ದ. ಒಳಗೆ ಅಕ್ಕಿಕಾಳಿನಷ್ಟು ದೊಡ್ಡ ಇಬ್ಬರು ಮನುಷ್ಯರು. ಒಬ್ಬ ಚುಕ್ಕಾಣಿ ಹಿಡಿದಿದ್ದ. ಇನ್ನೊಬ್ಬ ಅವನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ. ಆ ಇನ್ನೊಬ್ಬನ ಮೂಗಿನ ಮೇಲೆ, ಕೂದಲೆಳೆಯ ತಂತಿಯಲ್ಲಿ, ಕನ್ನಡಕ.

"ಚಿಕ್ಕಪ್ಪ," ಎಂದಳು ಅವಳು. ಒಳಗೆ ಬೆರಳು ತೋರಿಸಿ ಪಕ್ಕಕ್ಕೆ ಸರಿದಳು.

ತಮ್ಮ ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದ. ಬಹಳ ಹೊತ್ತು ನೋಡಿದ.

"ಕಡ್ಡಿ ಕಿವಿಯ ಮೇಲೆ ಕೂತಿಲ್ಲ," ಎಂದ. "ದರಿದ್ರದವನು. ಒಂದು ಕನ್ನಡಕ ಇಡೋಕೂ ಬರಲಿಲ್ಲ ಅವನಿಗೆ. ತಾ ಇಲ್ಲಿ ಆ ಚಿಮಟ."