ಹಾಲಿನ ವಂಶಾವಳಿ

ಬಹಳ ಬಹಳ ಹಿಂದೆ, ಭೂಮಿಯ ಉತ್ತರದ ತುದಿಯಲ್ಲಿ, ಬೇಸಿಗೆಯಲ್ಲೂ ಜನ ಕಂಬಳಿ ಬಿಡದ ಸ್ಕಾಟರ ನಾಡಿನಲ್ಲಿ, ಗ್ಲೆನ್‌ವಾರ ಎಂಬ ಒಂದು ಸಂಸ್ಥಾನವಿತ್ತು. ಅಲ್ಲಿಯ ದೊರೆಗಳಿಗೆ ತಮ್ಮ ವಂಶದ ಮೇಲೆ ಎಲ್ಲಿಲ್ಲದ ಹೆಮ್ಮೆ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆಮನೆಯ ವಂಶ ಹೇಳುತ್ತಾರಲ್ಲ, ಹಾಗೆ ಅಲ್ಲಿಯೂ ಒಬ್ಬ ಹಾಡುಗಾರನಿರುತ್ತಿದ್ದ. ಪಟ್ಟದ ದಿನ ಅವನು ಮೂಲಪುರುಷನಿಂದ ಹಿಡಿದು ಇಂಥವನ ಮಗ ಇಂಥವನು, ಇಂಥವನ ಮಗ ಇಂಥವನು ಎಂದು ಹಾಡುತ್ತಾ ಬರಬೇಕು. ಪಟ್ಟದ ಕಲ್ಲಿನ ಮೇಲೆ ಮೂಲಪುರುಷನ ಹೆಜ್ಜೆಗುರುತಿತ್ತು. ಪಟ್ಟಕ್ಕೆ ಬರುವವರು ಅದರಲ್ಲಿ ಬರಿಗಾಲಿಟ್ಟು ನಿಲ್ಲಬೇಕು. ಹಾಡು ಮುಗಿಯುವ ಹೊತ್ತಿಗೆ ಕಲ್ಲು ಬೆಚ್ಚಗಾದರೆ ಅವರೇ ದೊರೆ.

ಆ ಮನೆತನದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ದೊರೆಯ ಮಗು ಕೋಟೆಯಲ್ಲಿ ಬೆಳೆಯುವ ಹಾಗಿರಲಿಲ್ಲ. ಹುಟ್ಟಿದ ಕೂಡಲೇ ಅದನ್ನು ಬಡವರ ಮನೆಗೆ ಕೊಡುತ್ತಿದ್ದರು. ಆ ಮನೆಯ ತಾಯಿಯ ಹಾಲು ಕುಡಿದು, ಅವರ ಗಂಜಿ ಉಂಡು, ಅವರ ಮಕ್ಕಳ ಜೊತೆ ಮಣ್ಣಾಡಿ, ಹಾಲುಹಲ್ಲು ಬಿದ್ದ ಮೇಲೆ ಅದು ಕೋಟೆಗೆ ಮರಳುತ್ತಿತ್ತು. "ಗಂಜಿಯ ರುಚಿ ಗೊತ್ತಿಲ್ಲದವನು ಗಂಜಿ ಕುಡಿಯುವವರನ್ನು ಆಳಬಾರದು" ಎಂದು ಮೂಲಪುರುಷನೇ ಕಟ್ಟಳೆ ಮಾಡಿದ್ದನಂತೆ. ಒಳ್ಳೆಯ ಕಟ್ಟಳೆಯೇ. ಆದರೆ ಮಗುವನ್ನು ಕೋಟೆಗೆ ಮರಳಿ ಕೊಟ್ಟ ಮೇಲೆ ಸಾಕಿದವಳು ಏನು ಮಾಡಬೇಕು ಎಂಬುದನ್ನು ಆ ಮಹಾನುಭಾವ ಹೇಳಿರಲಿಲ್ಲ.

ಲಾಕ್ಲನ್ ದೊರೆಗೆ ಒಬ್ಬಳೇ ಮಗಳು, ಮೈರಿ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಳು. ಮಗುವನ್ನು ಸರೋವರದ ಆಚೆ ದಡದಲ್ಲಿ ದೋಣಿ ನಡೆಸುವ ವಿಧವೆಯೊಬ್ಬಳಿಗೆ ಕೊಟ್ಟರು. ಅವಳ ಹೆಸರು ಮೊರಾಗ್. ನಮ್ಮ ನಾಲಿಗೆಗೆ ಒಗ್ಗುವಂತೆ ಮೊರಾಗಮ್ಮ ಎನ್ನೋಣ. ಮೊರಾಗಮ್ಮ ಆ ಕೂಸನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಹಲ್ಲು ಬಿದ್ದ ಮೇಲೆ ತಾನೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಕೋಟೆಯ ಬಾಗಿಲಲ್ಲಿ ಒಪ್ಪಿಸಿ ಬಂದಳು. ಆ ದಿನ ಅವಳ ಮನೆಯಲ್ಲಿ ಒಲೆ ಹತ್ತಲಿಲ್ಲ. ಆಮೇಲಿನ ವರ್ಷಗಳಲ್ಲಿ ಒಲೆ ಹತ್ತುತ್ತಿತ್ತು, ಆದರೆ ಒಬ್ಬಳಿಗಾಗಿ ಎಷ್ಟು ಬೇಯಿಸಬೇಕು ಎಂಬುದು ಅವಳ ಕೈಗೆ ಕೊನೆಗೂ ರೂಢಿಯಾಗಲಿಲ್ಲ.

ಮೈರಿ ಹರೆಯಕ್ಕೆ ಬಂದಾಗ ಲಾಕ್ಲನ್ ದೊರೆ ತೀರಿಕೊಂಡ. ಪಟ್ಟದ ದಿನ ಗೊತ್ತಾಯಿತು. ಅಂದು ಸೂರ್ಯ ಮುಳುಗುವುದರೊಳಗೆ ವಾರಸುದಾರಳು ಕಲ್ಲಿನ ಮೇಲೆ ನಿಲ್ಲದಿದ್ದರೆ ಸಂಸ್ಥಾನ ಅವಳ ಸೋದರಮಾವ ಡೂಗಲನಿಗೆ ಹೋಗುವುದೆಂದು ನಿಯಮ. ಈ ಡೂಗಲ ಮಹಾ ಮಂತ್ರವಾದಿ. ಮುಖದಲ್ಲಿ ಬೆಣ್ಣೆ, ಹೊಟ್ಟೆಯಲ್ಲಿ ಸುಣ್ಣ.

ಪಟ್ಟದ ದಿನ ಬೆಳಿಗ್ಗೆ ಮೊರಾಗಮ್ಮ ಗಂಜಿ ಕಾಯಿಸುತ್ತಿದ್ದಳು. ಬಾಗಿಲಲ್ಲಿ ಒಂದು ಜಿಂಕೆ ತಲೆ ಹಾಕಿತು.

"ಅಮ್ಮಾ" ಎಂದಿತು.

ಮೊರಾಗಮ್ಮನ ಕೈಯಿಂದ ಸೌಟು ಬಿತ್ತು. ಆ ದನಿ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು?

"ಮೈರೀ! ಇದೇನೇ ಮಗಳೇ ನಿನ್ನ ಗತಿ?"

"ಮಾವ ಮಾಡಿದ ಕೆಲಸ ಅಮ್ಮ. ಲಾಕ್ಲನ್ ವಂಶದ ರಕ್ತ ಮನುಷ್ಯರ ಮೈಯಲ್ಲಿ ಹರಿಯದೆ ಇರಲಿ ಅಂತ ಮಂತ್ರ ಹಾಕಿದ. ಹೊತ್ತು ಇಳಿದ ಹಾಗೆಲ್ಲ ನಾನು ಮಾತು ಮರೆಯುತ್ತೇನೆ. ಸೂರ್ಯ ಮುಳುಗಿದರೆ ಮುಗಿಯಿತು, ಸಾಯುವ ತನಕ ಜಿಂಕೆಯೇ. ನನ್ನನ್ನು ಪಟ್ಟದ ಕಲ್ಲಿಗೆ ಕರೆದುಕೊಂಡು ಹೋಗು."

"ಹೋಗೋಣ. ಮೊದಲು ಎರಡು ಗುಟುಕು ಗಂಜಿ ಕುಡಿ."

ಜಿಂಕೆ ಗಂಜಿ ಕುಡಿಯುತ್ತದೆಯೇ ಎಂದು ಕೇಳಬೇಡಿ. ಕುಡಿಯಿತು.

ಇಬ್ಬರೂ ದಡಕ್ಕೆ ಬಂದರು. ಡೂಗಲನ ಆಳುಗಳು ದೋಣಿಯನ್ನು ಸುಟ್ಟುಹಾಕಿದ್ದರು. ಸರೋವರದ ನಡುವಿನಿಂದ ಒಂದು ನೀರುಕುದುರೆ ಎದ್ದು ಬಂತು. ಅದನ್ನು ಹೆದರಿ ಮುಟ್ಟಿದವರ ಕೈ ಅದರ ಮೈಗೇ ಅಂಟಿಕೊಳ್ಳುತ್ತಿತ್ತು, ಅವರನ್ನು ಅದು ನೀರಿನ ತಳಕ್ಕೆ ಎಳೆದೊಯ್ಯುತ್ತಿತ್ತು.

"ಯಾರ ವಂಶ ನೀನು?" ಎಂದು ಕೇಳಿತು ಕುದುರೆ. "ವಂಶ ಇದ್ದರೆ ದಾರಿ, ಇಲ್ಲದಿದ್ದರೆ ನೀರು."

"ವಂಶ ಎಲ್ಲಿಂದ ತರಲಪ್ಪಾ? ನನ್ನಪ್ಪ ದೋಣಿ ನಡೆಸುತ್ತಿದ್ದ. ಅವನಪ್ಪ ಯಾರೋ, ಕೇಳಿದವರೇ ಇಲ್ಲ. ಅದಿರಲಿ, ನಿನ್ನ ಕೇಸರವೆಲ್ಲ ಪಾಚಿಗಟ್ಟಿ ಗಂಟು ಬಿದ್ದಿದೆಯಲ್ಲ, ನೋವಾಗುವುದಿಲ್ಲವೇ? ಇತ್ತ ಬಾ."

ಮೊರಾಗಮ್ಮ ಮೊಣಕಾಲುದ್ದ ನೀರಿಗಿಳಿದು ಬೆರಳಿನಿಂದಲೇ ಗಂಟು ಬಿಡಿಸತೊಡಗಿದಳು. ಮಗಳ ಚಿಂತೆಯಲ್ಲಿ ಅವಳಿಗೆ ಹೆದರುವುದೇ ಮರೆತುಹೋಗಿತ್ತು. ಕೈ ಅಂಟಲಿಲ್ಲ. ಹುಟ್ಟಿದಾಗಿನಿಂದ ಯಾರೂ ತಲೆ ಬಾಚದ ಆ ಕುದುರೆ ಕಣ್ಣು ಮುಚ್ಚಿಕೊಂಡು ನಿಂತಿತು. ಆಮೇಲೆ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಆಚೆ ದಡಕ್ಕೆ ಮುಟ್ಟಿಸಿತು.

ಮಧ್ಯಾಹ್ನವಾಯಿತು. ದಟ್ಟ ಕಾಡು ಎದುರಾಯಿತು. ಜಿಂಕೆಯ ಮಾತು ಆಗಲೇ ತುಂಡುತುಂಡಾಗಿತ್ತು. "ಅಮ್ಮ... ಕಾಡು... ನಾಯಿ" ಎಂದಿತು. ಎದುರಿಗೆ ಡೂಗಲನ ಬೇಟೆನಾಯಿ ನಿಂತಿತ್ತು. ಕರುವಿನಷ್ಟು ಎತ್ತರ, ಕೆಂಡದಂಥ ಕಣ್ಣು.

"ಯಾರ ವಂಶ ನೀನು?"

"ನಾನು ಯಾವ ವಂಶದವಳೂ ಅಲ್ಲ."

"ಹಾಗಾದರೆ ನೀನು ಹೋಗು. ಆ ಜಿಂಕೆಯನ್ನು ಮೂಸಬೇಕು. ಲಾಕ್ಲನ್ ರಕ್ತದ ವಾಸನೆ ಬಂದರೆ ಸೀಳಿ ಹಾಕು ಅಂತ ಅಪ್ಪಣೆಯಾಗಿದೆ."

ಮೊರಾಗಮ್ಮ ತನ್ನ ಕಂಬಳಿ ತೆಗೆದು ಜಿಂಕೆಗೆ ಹೊದಿಸಿ, ಅದರ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡಳು. ಸೀಳುವುದಾದರೆ ಇಬ್ಬರನ್ನೂ ಸೀಳಲಿ ಎಂದುಕೊಂಡಳು. ನಾಯಿ ಮೂಸಿತು. ಸುತ್ತ ಬಂದು ಮತ್ತೆ ಮೂಸಿತು.

"ವಿಚಿತ್ರವಾಗಿದೆ" ಎಂದಿತು. "ಒಳಗೆಲ್ಲೋ ರಕ್ತದ ವಾಸನೆ ಇದೆ. ಆದರೆ ಅದಕ್ಕಿಂತ ಹಾಲಿನ ವಾಸನೆ ಜೋರಾಗಿದೆ. ನಿನ್ನ ಹಾಲಿನದು. ಹಾಲಿನ ಬಗ್ಗೆ ನನ್ನ ಯಜಮಾನ ಏನೂ ಹೇಳಿಲ್ಲ. ಹೋಗಿ."

ಯಜಮಾನ ಹೇಳಿದ್ದಷ್ಟನ್ನೇ ಮಾಡುವ ಆಳು ಒಮ್ಮೊಮ್ಮೆ ಹೀಗೆ ಉಪಕಾರವನ್ನೂ ಮಾಡುತ್ತಾನೆ. ನಾಯಿಯ ಮಾತು ಮೊರಾಗಮ್ಮನ ಮನಸ್ಸಿನಲ್ಲಿ ಉಳಿಯಿತು.

ಸಂಜೆಯ ಹೊತ್ತಿಗೆ ಬೆಟ್ಟ ಹತ್ತಿದರು. ಜಿಂಕೆಗೆ ಈಗ "ಅಮ್ಮಾ" ಎಂಬ ಒಂದೇ ಮಾತು ಉಳಿದಿತ್ತು. ಬೆಟ್ಟದ ನೆತ್ತಿಯಲ್ಲಿ ಮಂಜು ಕವಿಯಿತು. ಮಂಜಿನ ನಡುವೆ ಒಂದು ಮನೆ ಕಂಡಿತು. ನೋಡಿದರೆ ಮೊರಾಗಮ್ಮನದೇ ಮನೆ! ಅದೇ ಒಲೆ, ಅದೇ ಮಣೆ. ಮಂಜು ಮೃದುವಾಗಿ ಮಾತಾಡಿತು.

"ಯಾರ ವಂಶ ನೀನು, ಮೊರಾಗ್?"

"ಯಾರದೂ ಅಲ್ಲ."

"ನಿನಗೆ ವಂಶವಿಲ್ಲ, ನಿನ್ನ ಹಿಂದೆ ಅಳುವವರೂ ಇಲ್ಲ. ಇವಳು ಮನುಷ್ಯಳಾದರೆ ಮತ್ತೆ ಕೋಟೆಗೆ ಹೋಗುತ್ತಾಳೆ, ನೀನು ಮತ್ತೆ ಒಬ್ಬಳೇ. ಜಿಂಕೆಯಾಗಿಯೇ ಇದ್ದರೆ ನಿನ್ನ ಅಂಗಳದಲ್ಲಿ ಮೇಯುತ್ತಾಳೆ, ನಿನ್ನ ಕಾಲ ಬುಡದಲ್ಲಿ ಮಲಗುತ್ತಾಳೆ. ಒಳಗೆ ಬಾ. ಹೊತ್ತು ಮುಳುಗುವ ತನಕ ಕೂತಿರು, ಸಾಕು."

ಸುಳ್ಳು ಹೇಳುವುದೇಕೆ? ಮೊರಾಗಮ್ಮನ ಕಾಲು ಹೊಸ್ತಿಲ ಮೇಲೆ ನಿಂತಿತು. ಜಿಂಕೆ ಅವಳ ಸೆರಗಿಗೆ ಮೂತಿ ತಾಗಿಸಿ ನಿಂತಿತ್ತು, ಎಳೆಯಲಿಲ್ಲ, ತಳ್ಳಲಿಲ್ಲ. ಮೊರಾಗಮ್ಮ ಹೊಸ್ತಿಲ ಮೇಲೆಯೇ ಕುಸಿದು ಕುಳಿತು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಎದ್ದಳು.

"ನೀನು ಹೇಳಿದ್ದೆಲ್ಲ ನಿಜ ಕಣಮ್ಮಾ. ನನಗೆ ಇವಳು ಬೇಕು. ಆದರೆ ನಾನು ಸಾಕಿದ್ದು ಅಂಗಳದಲ್ಲಿ ಕಟ್ಟಿಹಾಕೋದಕ್ಕಲ್ಲ" ಎಂದಳು. ಮಂಜು ಚೆದುರಿಹೋಯಿತು. ಕೆಳಗೆ ಪಟ್ಟದ ಕಲ್ಲು ಕಂಡಿತು.

ಸಂಸ್ಥಾನದ ಜನವೆಲ್ಲ ಅಲ್ಲಿ ನೆರೆದಿದ್ದರು. ಸೂರ್ಯ ಬೆಟ್ಟಕ್ಕೆ ತಾಗಿದ್ದ. ಡೂಗಲ ಪಾದರಕ್ಷೆ ಕಳಚಿ ಕಾಯುತ್ತಿದ್ದ. ಕಂಬಳಿ ಹೊದ್ದ ಜಿಂಕೆಯೊಡನೆ ಬಂದ ಮೊರಾಗಮ್ಮನನ್ನು ನೋಡಿ ಜನ ಗೊಳ್ಳೆಂದು ನಕ್ಕರು.

"ನಗಬೇಡ್ರಪ್ಪಾ. ಇವಳು ಮೈರಿ. ಫಿನ್ಲೆ ಅಜ್ಜಾ, ವಂಶ ಹಾಡಿ!"

ಮುದುಕ ಹಾಡುಗಾರ ಫಿನ್ಲೆ ಜಿಂಕೆಯ ಕಣ್ಣು ನೋಡಿದ. ಏನನ್ನಿಸಿತೋ, ಹಾಡತೊಡಗಿದ. ಜಿಂಕೆ ಹೆಜ್ಜೆಗುರುತಿನಲ್ಲಿ ಗೊರಸಿಟ್ಟು ನಿಂತಿತು. ಮೂಲಪುರುಷನಿಂದ ಲಾಕ್ಲನನವರೆಗೆ ಹಾಡು ಮುಗಿಯಿತು. ಕಲ್ಲು ತಣ್ಣಗೇ ಇತ್ತು.

ಡೂಗಲ ನಕ್ಕ. "ರಕ್ತವನ್ನು ನಾನು ಕಟ್ಟಿಹಾಕಿದ್ದೇನೆ. ಎಷ್ಟು ಕೂಗಿದರೂ ಅದು ಓಗೊಡುವುದಿಲ್ಲ."

ಮೊರಾಗಮ್ಮನಿಗೆ ನಾಯಿಯ ಮಾತು ನೆನಪಾಯಿತು. "ಅಜ್ಜಾ, ನೀವು ಹಾಡಿದ್ದು ರಕ್ತದ ವಂಶ. ಹಾಲಿನದನ್ನು ಹಾಡಿ. ಯಾರಿಗೆ ಯಾರು ಹಾಲೂಡಿಸಿದರು, ಅದನ್ನು."

"ಅದನ್ನು ನನಗೆ ಯಾರೂ ಕಲಿಸಲಿಲ್ಲ ತಾಯಿ" ಎಂದ ಮುದುಕ, ತಲೆ ತಗ್ಗಿಸಿ.

ಮೊರಾಗಮ್ಮ ಜನರ ಕಡೆ ತಿರುಗಿದಳು. "ನಿಮಗೆ ಗೊತ್ತಲ್ಲ! ನಿಮ್ಮ ನಿಮ್ಮ ಮನೆಯದಲ್ಲವೇ? ಹೇಳ್ರಪ್ಪಾ!"

 ಕಮ್ಮಾರನೊಬ್ಬ ಕೈಯೆತ್ತಿದ. "ಲಾಕ್ಲನ್ ದೊರೆಗೆ ಹಾಲು ಕೊಟ್ಟವಳು ನನ್ನಜ್ಜಿ ಪೆಗ್ಗಿ!"

ಜಿಂಕೆಯ ಮುಂಗಾಲ ಗೊರಸು ಕಳಚಿ ಐದು ಬೆರಳು ಮೂಡಿದವು.

"ಅವರಪ್ಪನಿಗೆ ಹಾಲು ಕೊಟ್ಟದ್ದು ನಮ್ಮ ಮನೆಯಲ್ಲಿ, ಕುರಿಗಾಹಿ ಮನೆಯ ಇಸೊಬೆಲ್!" "ಅವರಜ್ಜನಿಗೆ ನಮ್ಮ ಮುತ್ತಜ್ಜಿ ಗ್ರಿಜೆಲ್! ಅವಳಿಗೆ ಒಂದೇ ಕಣ್ಣು, ಆದರೂ ಸಾಕಿದಳು!" ಮೂಲೆಮೂಲೆಯಿಂದ ಹೆಸರುಗಳು ಎದ್ದವು. ಯಾವ ಹಾಡಿನಲ್ಲೂ ಇರದ ಹೆಂಗಸರು, ಉಪ್ಪು ಮಾರುವವರು, ನೇಯುವವರು, ಸೌದೆ ಹೊರುವವರು. ಒಂದೊಂದು ಹೆಸರಿಗೂ ಜಿಂಕೆಯ ಮೈ ಅಷ್ಟಷ್ಟೇ ಮನುಷ್ಯಳ ಮೈಯಾಗುತ್ತಾ ಬಂತು. ಕೊನೆಗೆ ಮೊರಾಗಮ್ಮ, "ಮೈರಿಗೆ ಹಾಲು ಕೊಟ್ಟವಳು ನಾನು" ಎಂದಳು. ಕಂಬಳಿ ಹೊದ್ದ ಹುಡುಗಿ ಕಲ್ಲಿನ ಮೇಲೆ ನಿಂತಿದ್ದಳು.

ಆದರೆ ಅವಳಿಗೆ ಮಾತು ಬರಲಿಲ್ಲ. ಬಾಯಿ ತೆರೆದಳು, ದನಿಯಿಲ್ಲ. ಕಲ್ಲು ಇನ್ನೂ ತಣ್ಣಗಿತ್ತು. ಸೂರ್ಯ ಒಂದು ಎಳೆಯಷ್ಟು ಉಳಿದಿದ್ದ.

ಫಿನ್ಲೆ ಅಜ್ಜ ಮೆಲ್ಲಗೆ ಕೇಳಿದ: "ಯಾರನ್ನೋ ಬಿಟ್ಟಿದ್ದೇವೆ ತಾಯಿ. ಹಾಲು ತಾನಾಗಿ ಬರುವುದಿಲ್ಲ. ನಿನಗೆ ಯಾರಿಗಾಗಿ ಬಂತು?"

 ಆ ಹೆಸರು ಮೊರಾಗಮ್ಮನ ಬಾಯಿಂದ ಅದುವರೆಗೆ ಒಮ್ಮೆಯೂ ಹೊರಬಂದಿರಲಿಲ್ಲ.

"ನನ್ನ ಮಗನಿಗಾಗಿ" ಎಂದಳು. "ಹುಟ್ಟಿದ, ಕಣ್ಣು ಬಿಟ್ಟು ನನ್ನನ್ನು ನೋಡಿದ, ಹೋದ. ಹಾಲು ಮಾತ್ರ ಉಳಿಯಿತು. ಅವನ ಪಾಲಿನದನ್ನೇ ಇವಳಿಗೆ ಕೊಟ್ಟೆ. ಅವನ ಹೆಸರು ಈವನ್."

"ಅಮ್ಮಾ!" ಎಂದಳು ಮೈರಿ.

ಕಲ್ಲು ಬೆಚ್ಚಗಾಯಿತು. ಸೂರ್ಯ ಮುಳುಗಿದ.

ಬಿಟ್ಟ ಮಾಟ ಬಿಟ್ಟವನನ್ನೇ ಹುಡುಕಿಕೊಂಡು ಹೋಯಿತು. ಡೂಗಲನ ತಲೆಯ ಮೇಲೆ ಕೊಂಬು ಮೂಡಿ, ಪಾದಕ್ಕೆ ಗೊರಸು ಬಂದು, ಅವನು ಬೆಟ್ಟ ಹತ್ತಿ ಓಡಿದ. ಮಾಡಿದ್ದುಣ್ಣೋ ಮಹಾರಾಯ! ಜನ ಬಿಲ್ಲೆತ್ತಿದರು. ಹೊಸ ದೊರೆಸಾನಿ ಬೇಡವೆಂದಳು. "ಮೇಯಲಿ ಬಿಡಿ. ಹುಲ್ಲಿಗೇನು ಬರವೇ?"

ಆಮೇಲೆ ಅವಳು ಕಲ್ಲಿನಿಂದ ಇಳಿದು ಬಂದು ಮೊರಾಗಮ್ಮನನ್ನು ತಬ್ಬಿಕೊಂಡಳು. "ನನಗೊಬ್ಬ ಅಣ್ಣ ಇದ್ದ ಅಂತ ಯಾಕಮ್ಮ ಹೇಳಲಿಲ್ಲ?" ಎಂದು ಅತ್ತಳು. ಮೊರಾಗಮ್ಮ ಅವಳ ತಲೆ ಸವರಿದಳು. ಫಿನ್ಲೆ ಅಜ್ಜನನ್ನು ಅಂದು ಯಾರೂ ಮನೆಗೆ ಹೋಗಲು ಬಿಡಲಿಲ್ಲ. ಹಾಲಿನ ಹೆಸರುಗಳನ್ನೆಲ್ಲ ಜನ ಅವನಿಗೆ ಹೇಳಿಕೊಟ್ಟರು, ಅವನು ಮಗುವಿನಂತೆ ಒಪ್ಪಿಸಿದ.

ಡೂಗಲನಿಲ್ಲದ ಗ್ಲೆನ್‌ವಾರದಲ್ಲಿ ಎಲ್ಲರಿಗೂ ಹೊಟ್ಟೆ ತುಂಬ ಗಂಜಿ, ಕಣ್ಣು ತುಂಬ ನಿದ್ದೆ ಸಿಕ್ಕಿತು. ಮೊರಾಗಮ್ಮ ಕೋಟೆಗೆ ಬಂದು ನಿಲ್ಲಲು ಒಪ್ಪಲಿಲ್ಲ, ಮೈರಿ ಅವಳನ್ನು ಬಿಟ್ಟಿರಲು ಒಪ್ಪಲಿಲ್ಲ. ಹಾಗಾಗಿ ಸರೋವರದಲ್ಲಿ ಹೊಸ ದೋಣಿ ದಿನವೂ ಓಡಾಡಿತು. ಅವರೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಪಟ್ಟದ ದಿನ ಹಾಡುಗಾರ ಇಂದಿಗೂ ದೊರೆಗಳನ್ನೆಲ್ಲ ಹಾಡಿ, ಅವರಿಗೆ ಹಾಲೂಡಿಸಿದ ತಾಯಂದಿರನ್ನೆಲ್ಲ ಹಾಡಿ, ಮೈರಿಯ ಹೆಸರಿಗೆ ಬಂದಾಗ ದನಿ ತಗ್ಗಿಸುತ್ತಾನೆ. "ಲಾಕ್ಲನನ ಮಗಳು, ಮೊರಾಗಳ ಮಗಳು, ಈವನನ ತಂಗಿ" ಎನ್ನುತ್ತಾನೆ. ಆಗ ಅಲ್ಲಿರುವ ದೊಡ್ಡವರೂ ಚಿಕ್ಕವರೂ ಟೋಪಿ ತೆಗೆದು ನಿಲ್ಲುತ್ತಾರೆ.